ಲಿಟಲ್ ಅಂಡಮಾನ್‌ಗೆ ಟೆಂಟ್ ಹೊತ್ತುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಸಾಗರದ ಹತ್ತಿರದ ಹಳ್ಳಿಯವರು, ಅಡಿಕೆ ತೋಟ ಇದೆ. ಸುಲಿತ, ಒಣಗಿಸೋದು ಎಲ್ಲ ಮುಗಿಸಿ ಫೆಬ್ರವರಿ ಕೊನೆಗೆ ನಾನು, ಹೆಂಡತಿ ಹನ್ನೆರಡು ದಿನ ಬಿಡುವು ಮಾಡಿಕೊಂಡಿದ್ದೇವೆ. ಪ್ರವಾಸಿಗರೆಲ್ಲ ಹೋಗುವ ಹ್ಯಾವ್ಲಾಕ್ ದ್ವೀಪ ಬೇಡ, ರೆಸಾರ್ಟ್ ಬೇಡ. ಲಿಟಲ್ ಅಂಡಮಾನ್‌ಗೆ ಹೋಗಿ, ಒಂದು ಟೆಂಟು, ಒಂದು ಪಾತ್ರೆ, ಎರಡು ಗಾಳ ಇಟ್ಟುಕೊಂಡು ಬೀಚಿನಲ್ಲೇ ಐದಾರು ದಿನ ಇರೋಣ ಅಂತ ಆಸೆ. ಒಂದು ವೀಡಿಯೊದಲ್ಲಿ ಒಬ್ಬ ಹುಡುಗ ಹಳ್ಳ ಕಡಲು ಸೇರುವ ಜಾಗದಲ್ಲಿ ಟೆಂಟ್ ಹಾಕಿದ್ದು ನೋಡಿದೆ, ಅದೇ ತಲೆಯಲ್ಲಿ ಕೂತಿದೆ. ಆದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿ ಹೆದರಿಸುತ್ತಿದ್ದಾರೆ. ಅಲ್ಲಿ ಆದಿವಾಸಿಗಳು ಬಾಣ ಬಿಡುತ್ತಾರಂತೆ, ಹಾವು ಜಾಸ್ತಿಯಂತೆ, ಮೊಸಳೆ ಇದೆಯಂತೆ. ಉಪ್ಪುನೀರಲ್ಲಿ ಮೊಸಳೆ ಎಲ್ಲಿಂದ ಬಂತು ಅಂತ ನನ್ನ ವಾದ. ಪರ್ಮಿಟ್ ಬೇಕಾ? ನಿಜವಾಗಿ ಹೆದರಬೇಕಾದದ್ದು ಯಾವುದಕ್ಕೆ?

ಉತ್ತರ:

ಹೋಗಿ. ಟೆಂಟ್ ಮಾತ್ರ ಸಾಗರದಲ್ಲೇ ಇರಲಿ. ಗಾಳವೂ ಅಲ್ಲೇ ಇರಲಿ. ಪಾತ್ರೆ ಬೇಕಾದರೆ ತಗೊಂಡು ಹೋಗಿ, ಜೆಟ್ಟಿಯಲ್ಲಿ ಹಡಗು ಕಾಯುವಾಗ ಅವಲಕ್ಕಿ ಕಲಸಿಕೊಳ್ಳೋಕೆ ಆಗುತ್ತದೆ.

ನಾನು ಆ ದ್ವೀಪಕ್ಕೆ ಮೊದಲು ಹೋದದ್ದು ಕಡಲಾಮೆ ಎಣಿಸುವ ಕೆಲಸಕ್ಕೆ, ಅನುಮತಿ ಪಡೆದ ಒಂದು ತಂಡದ ಜೊತೆ. ಆಮೇಲೆ ಚಿಕ್ಕ ಗುಂಪುಗಳನ್ನು ಕರೆದುಕೊಂಡು ಹೋಗುವುದೇ ಕೆಲಸವಾಯಿತು. ನಿಮ್ಮಂಥವರ ಪತ್ರ ನನಗೆ ಹೊಸದಲ್ಲ. ಕೊಡಚಾದ್ರಿ, ಕುಮಾರಪರ್ವತ ಹತ್ತಿದವರು, ಉಂಬಳ ಕಚ್ಚಿಸಿಕೊಂಡು ನಗುವವರು, ಮಳೆಗೆ ಹೆದರದವರು. ಇವರಿಗೆ ಕಾಡಿನ ಭಯ ಕಡಿಮೆ. ತೊಂದರೆ ಶುರುವಾಗುವುದೂ ಅಲ್ಲೇ. ಘಟ್ಟದ ಕಾಡಿನ ಲೆಕ್ಕವನ್ನೇ ತಗೊಂಡು ಹೋಗಿ ಕಡಲ ನಡುವಿನ ದ್ವೀಪಕ್ಕೆ ಹಾಕುತ್ತಾರೆ. ಘಟ್ಟದಲ್ಲಿ ನೀರಿನ ಪಕ್ಕ ಟೆಂಟ್ ಹಾಕುವುದು ಜಾಣತನ. ಲಿಟಲ್ ಅಂಡಮಾನ್‌ನಲ್ಲಿ ಅದೇ ದೊಡ್ಡ ತಪ್ಪು.

ಬಾಣದ ವಿಷಯ ಮೊದಲು ಮುಗಿಸೋಣ, ಯಾಕೆಂದರೆ ಅದರಲ್ಲಿ ಹೆದರಿಕೆಗಿಂತ ಗೊಂದಲವೇ ಜಾಸ್ತಿ. ಮನೆಯವರು ಹೇಳುತ್ತಿರುವುದು ನಾರ್ತ್ ಸೆಂಟಿನೆಲ್ ದ್ವೀಪದ ಕಥೆ. 2006ರಲ್ಲಿ ಇಬ್ಬರು ಮೀನುಗಾರರು, 2018ರಲ್ಲಿ ಒಬ್ಬ ಅಮೆರಿಕದ ಹುಡುಗ ಸತ್ತದ್ದು ಅಲ್ಲಿ. ಅದು ಬೇರೆ ದ್ವೀಪ, ಅಲ್ಲಿಗೆ ಯಾರೂ ಹೋಗುವ ಹಾಗಿಲ್ಲ. ಲಿಟಲ್ ಅಂಡಮಾನ್‌ನಲ್ಲಿ ಇರುವುದು ಓಂಗೆ ಜನ. 1901ರ ಗಣತಿಯಲ್ಲಿ ಅವರು 672 ಮಂದಿ ಇದ್ದರು, ಈಗ ನೂರರ ಆಸುಪಾಸು. ಹೊರಗಿನವರ ಜೊತೆ ಬಂದ ರೋಗ, ಕಾಡಿಗೆ ಬಂದ ಗರಗಸ, ಅವರ ನೆಲದ ಮೇಲೆ ತಂದು ಕೂರಿಸಿದ ವಲಸೆಯ ಊರುಗಳು, ಎಲ್ಲ ಸೇರಿ ಅವರನ್ನು ದ್ವೀಪದ ಅಂಚಿಗೆ ತಳ್ಳಿವೆ. ಈ ಜನಕ್ಕೆ ನಿಮ್ಮಿಂದ ಅಪಾಯವೇ ಹೊರತು ನಿಮಗೆ ಅವರಿಂದ ಅಲ್ಲ. ನಿಮ್ಮ ಒಂದು ನೆಗಡಿ ಅಲ್ಲಿ ಸಣ್ಣ ವಿಷಯವಲ್ಲ.

ಅದಕ್ಕೇ ಕಾನೂನು ಕಟ್ಟುನಿಟ್ಟು. 1956ರ ಆದಿವಾಸಿ ಸಂರಕ್ಷಣಾ ನಿಯಮದ ಪ್ರಕಾರ ದ್ವೀಪದ ದೊಡ್ಡ ಭಾಗ ಮೀಸಲು. ಡ್ಯುಗಾಂಗ್ ಕ್ರೀಕ್, ಸೌತ್ ಬೇ, ಪಶ್ಚಿಮದ ಕರಾವಳಿ, ಇವೆಲ್ಲ ನಿಮಗಲ್ಲ. ಹೋದರೆ ಜೈಲು ಶಿಕ್ಷೆವರೆಗೂ ಇದೆ. ವೀಡಿಯೊದ ಹುಡುಗ ಟೆಂಟ್ ಹಾಕಿದ್ದು ಎಲ್ಲಿ ಅಂತ ನಾನು ನೋಡಿಲ್ಲ, ಆದರೆ ಖಾಲಿ ಬೀಚು, ಹಿಂದೆ ದಟ್ಟ ಕಾಡು, ಒಂದು ದೋಣಿಯೂ ಕಾಣದ ಜಾಗ ಅಂದರೆ ನನಗೆ ಅನುಮಾನ ಬರುವುದೇ ಮೀಸಲಿನ ಮೇಲೆ. ಯಾರಾದರೂ ದೋಣಿಯವರು "ಸಾವಿರ ರೂಪಾಯಿ ಕೊಡಿ, ಆಚೆ ಕಡೆ ಬಿಟ್ಟು ಬರ್ತೀನಿ" ಅಂದರೆ ಬೇಡ ಅಂತ ಹೇಳಿ. ಸಿಕ್ಕಿಬಿದ್ದರೆ ಅವರಿಗೂ ತೊಂದರೆ.

ಮೀಸಲು ಬಿಟ್ಟು ಉಳಿದ ಜಾಗಕ್ಕೆ, ಅಂದರೆ ಹಡಗು ನಿಲ್ಲುವ ಪೇಟೆ ಹಟ್ ಬೇಯಿಂದ ಉತ್ತರಕ್ಕೆ ಹೋಗುವ ರಸ್ತೆ ಪಕ್ಕದ ಊರುಗಳು, ಬೀಚುಗಳು, ಜಲಪಾತಗಳಿಗೆ, ಭಾರತೀಯರಿಗೆ ಪ್ರತ್ಯೇಕ ಪರ್ಮಿಟ್ ಬೇಡ. ಆಧಾರ್ ಇಟ್ಟುಕೊಂಡಿರಿ. ಅಲ್ಲಿಂದ ಇನ್ನೂ ದಕ್ಷಿಣಕ್ಕೆ, ಟೆನ್ ಡಿಗ್ರಿ ಚಾನೆಲ್ ದಾಟಿ ನಿಕೋಬಾರ್‌ಗೆ ಹೋಗುತ್ತೇನೆ ಅಂದರೆ ಆಗ ಪಾಸ್ ಬೇಕು, ಅದು ಬೇರೆ ಕಥೆ.

ಈಗ ಮೊಸಳೆ. ಇಲ್ಲಿ ನಿಮ್ಮ ವಾದ ಸೋತಿದೆ, ಹೆಂಡತಿಯ ಹತ್ತಿರ ಒಪ್ಪಿಕೊಂಡುಬಿಡಿ.

ನಮಗೆ ಗೊತ್ತಿರುವ ಮೊಸಳೆ ರಂಗನತಿಟ್ಟಿನದ್ದು, ದಾಂಡೇಲಿಯ ಕಾಳಿ ನದಿಯದ್ದು. ಬಂಡೆ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಾ ಮಲಗಿರುತ್ತದೆ, ನಾವು ದೋಣಿಯಲ್ಲಿ ಕೂತು ಫೋಟೊ ತೆಗೆಯುತ್ತೇವೆ. ಅದು ಸಿಹಿನೀರಿನ ಜಾತಿ. ಅಂಡಮಾನ್‌ನಲ್ಲಿ ಇರುವುದು ಉಪ್ಪುನೀರಿನ ಮೊಸಳೆ. ಬೇರೆಯೇ ಜಾತಿ, ಗಂಡು ಐದು ಮೀಟರ್ ದಾಟಿ ಬೆಳೆಯುತ್ತದೆ. ಅದರ ನಾಲಿಗೆಯ ಮೇಲೆ ಉಪ್ಪನ್ನು ಹೊರಹಾಕುವ ಗ್ರಂಥಿಗಳಿವೆ. ಹಾಗಾಗಿ ಕಡಲಲ್ಲಿ ದಿನಗಟ್ಟಲೆ ಇರಬಲ್ಲದು, ಒಂದು ದ್ವೀಪದಿಂದ ಇನ್ನೊಂದಕ್ಕೆ ಈಜಿಕೊಂಡು ಹೋಗುತ್ತದೆ. ಆದರೆ ಅದರ ಮನೆ ಯಾವುದು ಗೊತ್ತಾ? ಹಳ್ಳ ಕಡಲು ಸೇರುವ ಅಳಿವೆ. ಕಾಂಡ್ಲ (ಮ್ಯಾಂಗ್ರೋವ್) ಕಾಡಿನ ನಡುವೆ ಕೆಸರುನೀರು ಹರಿಯುವ ಕ್ರೀಕ್. ನಿಮ್ಮ ವೀಡಿಯೊದ ಹುಡುಗ ಸರಿಯಾಗಿ ಅದರ ಹೊಸಿಲ ಮೇಲೆ ಟೆಂಟ್ ಹಾಕಿದ್ದಾನೆ.

ನನಗೂ ಇದು ಮೊದಲು ತಲೆಗೆ ಹತ್ತಿರಲಿಲ್ಲ. ಮೊದಲ ಸೀಸನ್‌ನಲ್ಲಿ ಒಂದು ಬೆಳಿಗ್ಗೆ, ಇಳಿತದ ಹೊತ್ತು, ಮೊಣಕಾಲಿನಷ್ಟು ನೀರಿನ ಒಂದು ಅಳಿವೆ ದಾಟಬೇಕಿತ್ತು. ನಮ್ಮ ಜೊತೆ ಒಬ್ಬ ಕರೆನ್ ಹುಡುಗ ಇದ್ದ. ಕರೆನ್ ಜನರನ್ನು ಬ್ರಿಟಿಷರು 1925ರಲ್ಲಿ ಬರ್ಮಾದಿಂದ ಕಾಡಿನ ಕೆಲಸಕ್ಕೆ ಕರೆತಂದದ್ದು. ಈಗಲೂ ಮಿಡಲ್ ಅಂಡಮಾನ್ ಕಡೆ ಅವರ ಊರುಗಳಿವೆ, ಕಾಡು ಕಡಲು ಎರಡನ್ನೂ ಅವರಷ್ಟು ಬಲ್ಲವರು ಕಡಿಮೆ. ಆ ಹುಡುಗ ನನ್ನ ಬ್ಯಾಗ್ ಹಿಡಿದು ನಿಲ್ಲಿಸಿದ. ಮಾತಾಡಲಿಲ್ಲ. ಎದುರು ದಡ ತೋರಿಸಿದ. ಬೂದುಬಣ್ಣದ ಕೆಸರಿನ ಮೇಲೆ ಒಂದು ಜಾರು ಗುರುತು. ಯಾರೋ ತೆಂಗಿನ ದಿಮ್ಮಿಯನ್ನು ನೀರಿಗೆ ಎಳೆದ ಹಾಗೆ, ಎರಡೂ ಬದಿಗೆ ಬೆರಳಿನ ಗೀರು, ನಡುವೆ ಬಾಲದ ಗೆರೆ. ಗುರುತಿನೊಳಗೆ ಇನ್ನೂ ನೀರು ಜಿನುಗುತ್ತಿತ್ತು. ಅಂದರೆ ನಾವು ಬರುವ ಸದ್ದು ಕೇಳಿಯೇ ಅದು ಇಳಿದದ್ದು. ನೀರು ನೋಡಿದರೆ ಒಂದು ಸುಳಿಯೂ ಇಲ್ಲ, ಕನ್ನಡಿ. ಅವತ್ತು ನಾವು ಮರಳಿನ ಮೇಲೆ ಎರಡು ಗಂಟೆ ಕೂತು, ಸಣ್ಣ ದೋಣಿಗೆ ಹೇಳಿಕಳಿಸಿ, ಸಮುದ್ರದ ಕಡೆಯಿಂದ ಸುತ್ತು ಹಾಕಿ ಹೋದೆವು.

ಈ ಪ್ರಾಣಿ ಅಟ್ಟಿಸಿಕೊಂಡು ಬರುವುದಿಲ್ಲ, ಕಾಯುತ್ತದೆ. ನೀವು ಇವತ್ತು ಸಂಜೆ ಒಂದು ಕಡೆ ಪಾತ್ರೆ ತೊಳೆದಿರಿ, ನಾಳೆ ಅದೇ ಹೊತ್ತಿಗೆ ಅಲ್ಲೇ ಬಂದಿರಿ, ನಾಡಿದ್ದು ಮೀನು ಹೆಚ್ಚಿ ಕರುಳು ಅಲ್ಲೇ ಎಸೆದಿರಿ ಅಂದರೆ ಅದು ಅಭ್ಯಾಸ ಕಲಿಯಿತು. ಐದು ದಿನ ಒಂದೇ ಅಳಿವೆಯ ಪಕ್ಕ ಟೆಂಟ್ ಹಾಕುವುದು ಅಂದರೆ ಇದೇ. ಒಂದು ರಾತ್ರಿ ಮಲಗಿ ಏನೂ ಆಗದೆ ಎದ್ದು ಬಂದವನು ವೀಡಿಯೊ ಹಾಕುತ್ತಾನೆ. ಅವನಿಗೆ ಏನೂ ಆಗಲಿಲ್ಲ ಅಂದ ಮಾತ್ರಕ್ಕೆ ಆ ಜಾಗ ಸುರಕ್ಷಿತ ಅಂತ ಆಗಲ್ಲ, ಅಲ್ವಾ?

ಅಳಿವೆಯಲ್ಲಿ ಮಾತ್ರ ಅಪಾಯ ಅಂತಲೂ ಇಲ್ಲ. 2010ರಲ್ಲಿ ಹ್ಯಾವ್ಲಾಕ್‌ನಲ್ಲಿ, ತೆರೆದ ಕಡಲಲ್ಲಿ ಸ್ನಾರ್ಕಲಿಂಗ್ ಮಾಡುತ್ತಿದ್ದ ಒಬ್ಬ ವಿದೇಶಿ ಪ್ರವಾಸಿಯನ್ನು ಮೊಸಳೆ ಹಿಡಿಯಿತು. ಅಲ್ಲಿಯವರೆಗೆ ಹವಳದ ಕಡೆ ಮೊಸಳೆ ಬರುವುದಿಲ್ಲ ಅಂತಲೇ ಎಲ್ಲರೂ ಹೇಳುತ್ತಿದ್ದದ್ದು. ಹಿಂದೆ ಚರ್ಮಕ್ಕಾಗಿ ಕೊಂದು ಕೊಂದು ಇವು ಕಡಿಮೆಯಾಗಿದ್ದವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಿಧಾನಕ್ಕೆ ಚೇತರಿಸಿಕೊಂಡವು. ಇತ್ತ ಮನುಷ್ಯರ ಊರುಗಳೂ ಕ್ರೀಕಿನ ದಡಕ್ಕೇ ಬಂದವು, ಕೋಳಿ ಅಂಗಡಿಯ ಕಸ, ಮೀನಿನ ಕಸ ನೀರಿಗೇ ಬೀಳುತ್ತದೆ. 2004ರ ಭೂಕಂಪದಲ್ಲಿ ದಕ್ಷಿಣ ಅಂಡಮಾನ್‌ನ ನೆಲವೇ ಕುಸಿದು, ಪೋರ್ಟ್ ಬ್ಲೇರ್ ಸುತ್ತ ಭತ್ತ ಬೆಳೆಯುತ್ತಿದ್ದ ಗದ್ದೆಗಳಿಗೆ ಉಪ್ಪುನೀರು ನುಗ್ಗಿತು. ಮೊಸಳೆಗೆ ಅಲ್ಲೂ ಹೊಸ ಜಾಗ ಸಿಕ್ಕಿತು. ಯಾರ ತಪ್ಪು ಅಂತ ಕೇಳಿದರೆ ಮೊಸಳೆಯದ್ದಂತೂ ಅಲ್ಲ.

ನೀವು ಮಾಡಬೇಕಾದದ್ದು ಕಷ್ಟವಲ್ಲ. ಅಳಿವೆಯನ್ನು ಕಾಲ್ನಡಿಗೆಯಲ್ಲಿ ದಾಟಬೇಡಿ, ಊರವರು ದಾಟುತ್ತಿದ್ದರೂ ಬೇಡ. ಸೇತುವೆ ಇದ್ದ ಕಡೆ ಸೇತುವೆ, ಇಲ್ಲದ ಕಡೆ ವಾಪಸ್. ಕಡಲಿಗೆ ಇಳಿಯುವ ಮುಂಚೆ ಹತ್ತಿರದ ಅಂಗಡಿಯಲ್ಲಿ ಒಂದು ಚಹಾ ಕುಡಿದು, "ಇಲ್ಲಿ ಮಗರ್ (ಮೊಸಳೆ) ಕಂಡಿದೆಯಾ?" ಅಂತ ಹಿಂದಿಯಲ್ಲಿ ಕೇಳಿ. ಅಲ್ಲಿಯವರು ಮುಚ್ಚುಮರೆ ಮಾಡುವುದಿಲ್ಲ, ಯಾವ ವಾರ ಎಲ್ಲಿ ಕಂಡಿತ್ತು ಅಂತ ಬೆರಳು ತೋರಿಸಿ ಹೇಳುತ್ತಾರೆ. ಮುಸ್ಸಂಜೆ, ನಸುಕು, ರಾತ್ರಿ ನೀರಿಗಿಳಿಯುವುದೇ ಬೇಡ.

ಇಷ್ಟಾದ ಮೇಲೂ ಅಳಿವೆ ಇಲ್ಲದ ಜಾಗ ನೋಡಿ ಟೆಂಟ್ ಹಾಕಿದರೆ ಏನು ಅಂತ ನೀವು ಕೇಳುತ್ತೀರಿ, ಗೊತ್ತು. ಕಾಡಿನ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಸುಮ್ನೆ ಹೋಗಿ ಗೂಟ ಹೊಡೆಯುವ ಹಾಗಿಲ್ಲ. ಅನುಮತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಆಮೇಲೆ ಸ್ಯಾಂಡ್‌ಫ್ಲೈ, ಅಂದರೆ ಮರಳುನೊಣ ಇದೆ.

ಇದರ ಬಗ್ಗೆ ಯಾರೂ ಹೆದರಿಸಿಲ್ಲ ನೋಡಿ ನಿಮ್ಮನ್ನು! ಬಾಣ, ಹಾವು, ಮೊಸಳೆ ಎಲ್ಲ ಹೇಳಿದರು, ಇದೊಂದು ಬಿಟ್ಟರು. ಸಾಸಿವೆ ಕಾಳಿಗಿಂತ ಚಿಕ್ಕದು. ಸದ್ದಿಲ್ಲ. ಕಚ್ಚುವಾಗ ನೋವೂ ಅಷ್ಟಾಗಿ ಇಲ್ಲ. ನಸುಕಿನಲ್ಲಿ, ಸಂಜೆ, ಗಾಳಿ ಬಿದ್ದ ಹೊತ್ತಿಗೆ ಒದ್ದೆ ಮರಳಿನ ಹತ್ತಿರ ಕೂತರೆ ಬರುತ್ತದೆ. ಟೆಂಟಿನ ಸೊಳ್ಳೆಪರದೆಯ ಕಣ್ಣಿನೊಳಗೂ ತೂರುತ್ತದೆ. ಮರುದಿನ ಒಂದೊಂದು ಕಚ್ಚಿನ ಜಾಗವೂ ತೊಗರಿಕಾಳಿನ ಹಾಗೆ ಉಬ್ಬಿ, ವಾರಗಟ್ಟಲೆ ತುರಿಸುತ್ತದೆ. ರಾತ್ರಿ ನಿದ್ದೆಯಲ್ಲಿ ಕೆರೆದುಕೊಳ್ಳುತ್ತೀರಿ. ಆ ಸೆಕೆಗೆ, ಆ ಉಪ್ಪುಗಾಳಿಗೆ ಕೆರೆದ ಗಾಯ ಒಣಗುವುದಿಲ್ಲ, ಕೀವಾಗುತ್ತದೆ. ನಾನು ಕರೆದುಕೊಂಡು ಹೋದವರಲ್ಲಿ ಪ್ರವಾಸ ಅರ್ಧಕ್ಕೆ ನಿಲ್ಲಿಸಿದವರು ಇದ್ದಾರೆ. ಒಬ್ಬರೂ ಹಾವಿನಿಂದಲ್ಲ, ಎಲ್ಲರೂ ಈ ಗಾಯದಿಂದ. ಒಬ್ಬರ ಕಾಲು ಊದಿ ಚಪ್ಪಲಿ ಹಾಕಲಾಗದೆ ಹಟ್ ಬೇ ಆಸ್ಪತ್ರೆಯಲ್ಲಿ ಮೂರು ದಿನ ಆಂಟಿಬಯಾಟಿಕ್ ತಗೊಂಡರು.

ಉಂಬಳಕ್ಕೆ ನೀವು ಹೊಗೆಸೊಪ್ಪು, ಸುಣ್ಣ ಹಚ್ಚುತ್ತೀರಿ. ಅದು ಇಲ್ಲಿ ನಡೆಯಲ್ಲ. ದ್ವೀಪದವರು ಮಾಡುವುದು ಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಬಳಿದುಕೊಳ್ಳುವುದು, ಹುಳ ಅಂಟಿಕೊಂಡು ಒದ್ದಾಡುತ್ತದೆ, ಕಚ್ಚುವುದು ಕಡಿಮೆ. ಜೊತೆಗೆ ಉದ್ದ ಪ್ಯಾಂಟು, ಸಂಜೆ ಐದರ ಮೇಲೆ ಮರಳಿನ ಮೇಲೆ ಕೂರದೆ ಇರುವುದು. ಹುಳ ಓಡಿಸುವ ಡೀಟ್ ಇರುವ ಕ್ರೀಮ್ ಇದ್ದರೆ ಇನ್ನೂ ಒಳ್ಳೆಯದು. ಕಚ್ಚಿದ ಮೇಲೆ ಅಲರ್ಜಿ ಮಾತ್ರೆ ತಗೊಂಡು, ಉಗುರು ಕತ್ತರಿಸಿಕೊಂಡು, ಕೆರೆಯದೆ ಇರಿ. ಹೇಳೋದು ಸುಲಭ.

ಇನ್ನೊಂದು ಅಂದಾಜು ತಪ್ಪುವುದು ಕತ್ತಲೆಯ ವಿಷಯದಲ್ಲಿ. ಗಡಿಯಾರ ನಮ್ಮದೇ, ಆದರೆ ಜಾಗ ಅಷ್ಟು ಪೂರ್ವಕ್ಕೆ. ಫೆಬ್ರವರಿ ಕೊನೆಯಲ್ಲಿ ಸಂಜೆ ಐದೂವರೆಗೆ ಸೂರ್ಯ ಮುಳುಗಿರುತ್ತಾನೆ, ಆರಕ್ಕೆ ಗವ್ ಅನ್ನುವ ಕತ್ತಲೆ. ಸಾಗರದ ಲೆಕ್ಕದಲ್ಲಿ "ಇನ್ನೂ ನಾಲ್ಕು ಗಂಟೆ, ಆ ಮೂಲೆವರೆಗೆ ಹೋಗಿ ಬರೋಣ" ಅಂತ ಹೊರಟವರು ಕತ್ತಲೆಯಲ್ಲಿ, ಉಬ್ಬರ ಏರಿದ ಮೇಲೆ, ಮೊಬೈಲ್ ಟಾರ್ಚ್ ಹಿಡಿದು ವಾಪಸ್ ಬರುತ್ತಾರೆ. ಉಬ್ಬರ ಬಂದರೆ ಎಷ್ಟೋ ಕಡೆ ನಡೆಯೋಕೆ ಬೀಚೇ ಉಳಿಯಲ್ಲ, ಕೇದಗೆ ಮೆಳೆಯೊಳಗೆ ನುಸುಳಬೇಕು. ಹಾಗಾಗಿ ದಿನ ಬೆಳಿಗ್ಗೆ ಐದೂವರೆಗೆ ಶುರು ಮಾಡಿ. ಮಧ್ಯಾಹ್ನ ಎರಡಕ್ಕೆ ಮುಗಿಸಿ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ, ಮೊದಲ ದಿನ ಒಬ್ಬ ಮೀನುಗಾರನನ್ನು ಕೇಳಿಕೊಂಡರೆ ಉಳಿದ ದಿನ ನೀವೇ ಲೆಕ್ಕ ಹಾಕಬಹುದು.

ಹಾವು? ಇದೆ. ಅಂಡಮಾನ್‌ನದ್ದೇ ಆದ ನಾಗರ, ಕಟ್ಟುಹಾವು, ಕಾಳಿಂಗ, ಹಸಿರು ಮಂಡಲ, ಎಲ್ಲ ಇವೆ. ನಮ್ಮಲ್ಲಿ ಸಿಗುವ ಆಂಟಿವೆನಮ್ ತಯಾರಾಗುವುದು ಮುಖ್ಯ ಭೂಭಾಗದ ನಾಲ್ಕು ಜಾತಿಯ ವಿಷದಿಂದ, ಹಾಗಾಗಿ ಇಲ್ಲಿ ಕಚ್ಚಿಸಿಕೊಳ್ಳದೆ ಇರುವುದಕ್ಕೇ ಬೆಲೆ ಜಾಸ್ತಿ. ಆದರೆ ಮಲೆನಾಡಿನ ತೋಟದಲ್ಲಿ ಓಡಾಡುವ ನಿಮಗೆ ನಾನು ಹಾವಿನ ಪಾಠ ಹೇಳಬೇಕಾಗಿಲ್ಲ. ರಾತ್ರಿ ಟಾರ್ಚ್, ಕಾಲಿಗೆ ಶೂ, ಅಷ್ಟೇ. ಬಂಡೆಗಳ ಸಂದಿಯಲ್ಲಿ ಕಪ್ಪು ಬಿಳಿ ಪಟ್ಟೆಯ ಕಡಲಹಾವು ಸುರುಳಿ ಸುತ್ತಿ ಮಲಗಿರುತ್ತದೆ. ವಿಷ ಜೋರು, ಸ್ವಭಾವ ಮೆತ್ತಗೆ. ನೋಡಿ, ಮುಟ್ಟಬೇಡಿ. ಹುಲಿ, ಚಿರತೆ, ಕರಡಿ ಯಾವುದೂ ಈ ದ್ವೀಪಗಳಲ್ಲಿ ಇಲ್ಲ.

ಮಲೇರಿಯಾ ಬಗ್ಗೆ ನೀವು ಕೇಳಿಲ್ಲ, ಕೇಳಬೇಕಿತ್ತು. ಅಲ್ಲಿ ಮಲೇರಿಯಾ ಹರಡುವ ಸೊಳ್ಳೆ ಉಪ್ಪು ಬೆರೆತ ನಿಂತ ನೀರಲ್ಲೇ ಮೊಟ್ಟೆ ಇಡುತ್ತದೆ, ಅಂದರೆ ಮತ್ತೆ ಅದೇ ಅಳಿವೆ, ಅದೇ ತಗ್ಗು. ಸೊಳ್ಳೆಪರದೆಯೊಳಗೆ ಮಲಗಿ. ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಮಾತ್ರೆ ಬೇಕಾ ಅಂತ ಕೇಳಿ. ಊರಿಗೆ ಬಂದು ಕೆಲವು ತಿಂಗಳೊಳಗೆ ಜ್ವರ ಬಂದರೆ "ಅಂಡಮಾನ್‌ಗೆ ಹೋಗಿದ್ದೆ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಮಲೇರಿಯಾದ ಒಂದು ಬಗೆ ತಿಂಗಳುಗಳ ನಂತರವೂ ಮರುಕಳಿಸುತ್ತದೆ, ಸಾಗರದ ಡಾಕ್ಟರು ಮೊದಲು ಮಂಗನ ಕಾಯಿಲೆಯನ್ನೇ ಅನುಮಾನಿಸಿದರೆ ಅವರ ತಪ್ಪಲ್ಲ.

ಗಾಳದ ವಿಷಯ. ನಿಮ್ಮ ಆಸೆ ಅರ್ಥವಾಗುತ್ತದೆ. ಆದರೆ ಮೀನು ಹಿಡಿದು ದಡದಲ್ಲಿ ಹೆಚ್ಚುವುದು ಯಾಕೆ ಬೇಡ ಅಂತ ಮೇಲೆಯೇ ಹೇಳಿದೆ. ಜೆಟ್ಟಿ ಹತ್ತಿರ ಬೆಳಿಗ್ಗೆ ದೋಣಿ ಬಂದಾಗ ಕೊಂಡು, ಊಟದ ಅಂಗಡಿಯವರಿಗೆ ಕೊಟ್ಟು "ಮಾಡಿಕೊಡಿ" ಅಂದರೆ ಸಾಸಿವೆ ಹಾಕಿದ ಬಂಗಾಳಿ ಸಾರು ಮಾಡಿಕೊಡುತ್ತಾರೆ. ಅಲ್ಲಿ ನೆಲೆಸಿರುವವರಲ್ಲಿ ತುಂಬಾ ಜನ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಮಕ್ಕಳು, ಮೊಮ್ಮಕ್ಕಳು. ಮೀನಿನ ವಿಷಯದಲ್ಲಿ ಅವರ ಜೊತೆ ನಾವು ವಾದ ಮಾಡುವುದು ಬೇಡ.

ದಡದಲ್ಲಿ ಬಿದ್ದ ಚಿಪ್ಪು, ಸತ್ತ ಹವಳ ಯಾವುದನ್ನೂ ಜೇಬಿಗೆ ಹಾಕಬೇಡಿ. ಹವಳ ಹುಲಿಯಷ್ಟೇ ರಕ್ಷಣೆ ಇರುವ ಜೀವಿ. ಸತ್ತ ತುಂಡಾದರೂ ಏರ್‌ಪೋರ್ಟ್ ಸ್ಕ್ಯಾನರ್‌ನಲ್ಲಿ ಸಿಕ್ಕಿದರೆ ಕೇಸು. ಕೋನ್ ಆಕಾರದ ಚೆಂದದ ಚಿಪ್ಪೊಂದಿದೆ, ಬುಗುರಿಯ ಹಾಗೆ, ಮೇಲೆ ನಕ್ಷೆ ಬಿಡಿಸಿದಂತೆ. ಒಳಗೆ ಹುಳ ಬದುಕಿದ್ದರೆ ಅದರ ಚುಚ್ಚು ಪ್ರಾಣಕ್ಕೇ ಅಪಾಯ. ಮಕ್ಕಳ ಥರ ಹೆಕ್ಕುವ ಅಭ್ಯಾಸ ಇರುವವರು ಈ ಒಂದು ಮಾತು ನೆನಪಿಡಿ.

ಈಗ ಹಡಗು, ನಿಮ್ಮ ಪ್ರವಾಸ ಕೆಟ್ಟರೆ ಕೆಡುವುದು ಇಲ್ಲಿ. ಪೋರ್ಟ್ ಬ್ಲೇರ್, ಈಗಿನ ಹೆಸರು ಶ್ರೀ ವಿಜಯಪುರಂ, ಅಲ್ಲಿಂದ ಹಟ್ ಬೇಗೆ ಸರ್ಕಾರಿ ಹಡಗು ಆರೇಳು ಗಂಟೆ ತಗೊಳ್ಳುತ್ತದೆ, ಕೆಲವು ರಾತ್ರಿ ಹೊರಟು ಬೆಳಿಗ್ಗೆ ಮುಟ್ಟುತ್ತವೆ. ಟಿಕೆಟ್ ಅಗ್ಗ. ಆದರೆ ಆ ಹಡಗು ಇರುವುದು ನಮಗೋಸ್ಕರ ಅಲ್ಲ. ಆಸ್ಪತ್ರೆಗೆ ಹೋದವರು, ಕಾಲೇಜಿನ ಮಕ್ಕಳು, ಅಡಿಕೆ ತೆಂಗು ಮಾರಿ ಬರುವವರು, ಇವರಿಗೆ ಅದೇ ಬಸ್ಸು. ಹೌದು, ಅಲ್ಲೂ ಅಡಿಕೆ ಇದೆ, ಮಾತು ಶುರು ಮಾಡೋಕೆ ನಿಮಗೆ ಅದಕ್ಕಿಂತ ಒಳ್ಳೆ ವಿಷಯ ಸಿಗಲ್ಲ. ದ್ವೀಪದವರಿಗೆ ಆದ್ಯತೆ, ಉಳಿದದ್ದು ನಮಗೆ. ವೇಳಾಪಟ್ಟಿ ಕೆಲವೇ ದಿನ ಮುಂಚೆ ಗೊತ್ತಾಗುತ್ತದೆ, ಹವಾಮಾನ ಕೆಟ್ಟರೆ ರದ್ದು. ಹೆಲಿಕಾಪ್ಟರ್ ಇದೆ, ಆದರೆ ರೋಗಿಗಳು ಬಂದರೆ ನಿಮ್ಮ ಸೀಟು ಹೋಗುತ್ತದೆ, ಹೋಗಲೇಬೇಕು.

ಸರಳವಾಗಿ ತಿರುಗುವವರಿಗೆ ಇಲ್ಲಿ ಖರ್ಚಾಗುವುದು ದಿನ. ಹನ್ನೆರಡು ದಿನದಲ್ಲಿ ಚೆನ್ನೈನಿಂದ ಹಡಗಿನಲ್ಲಿ ಹೋಗಿ ಬರುತ್ತೇನೆ ಅಂದರೆ ಒಂದೊಂದು ಕಡೆಗೂ ಮೂರು ದಿನ ಹತ್ತಿರ ಬೇಕು, ಉಳಿಯುವುದು ಆರು. ಆ ಆರರಲ್ಲಿ ಹಟ್ ಬೇ ಹಡಗು ಕಾಯೋದು ಬೇರೆ. ವಿಮಾನದಲ್ಲೇ ಹೋಗಿ. ಪೋರ್ಟ್ ಬ್ಲೇರ್‌ನಲ್ಲಿ ಎರಡು ದಿನ ಇಟ್ಟುಕೊಂಡು ಫೀನಿಕ್ಸ್ ಬೇ ಜೆಟ್ಟಿಯ ಕೌಂಟರಿನಲ್ಲಿ ಟಿಕೆಟ್ ನೋಡಿ. ಹಟ್ ಬೇಯಲ್ಲಿ ಐದು ದಿನ. ವಾಪಸ್ ವಿಮಾನಕ್ಕೆ ಮುಂಚೆ ಕನಿಷ್ಠ ಎರಡು ದಿನ ಖಾಲಿ. ಆ ಎರಡು ದಿನ ಹಾಳಾಗಲ್ಲ. ವಂಡೂರಿನ ಮಹಾತ್ಮಾ ಗಾಂಧಿ ಮರೀನ್ ನ್ಯಾಷನಲ್ ಪಾರ್ಕ್ ಇದೆ, ಚಿಡಿಯಾ ಟಾಪು ಇದೆ, ಸಿಟಿ ಬಸ್ಸಿನಲ್ಲೇ ಹೋಗಿ ಬರಬಹುದು.

ಹಟ್ ಬೇಯಲ್ಲಿ ಪೇಟೆ ಸುತ್ತ ಸಾದಾ ಲಾಡ್ಜ್‌ಗಳಿವೆ. ಫ್ಯಾನು, ಸೊಳ್ಳೆಪರದೆ, ಬಕೆಟ್ ನೀರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಈ ಪೇಟೆಗೆ ಬಿದ್ದ ಪೆಟ್ಟು ಸಣ್ಣದಲ್ಲ, ಈಗ ಕಾಣುವುದರಲ್ಲಿ ಬಹಳಷ್ಟು ಆಮೇಲೆ ಕಟ್ಟಿದ್ದು. ಅವತ್ತು ಓಂಗೆ ಜನ ಕಡಲು ಹಿಂದೆ ಸರಿದದ್ದು ನೋಡಿ ಎತ್ತರದ ಕಾಡಿಗೆ ಹೋಗಿ ಉಳಿದುಕೊಂಡರು. ನಿಮಗೂ ಅದೇ ನಿಯಮ, ನೆಲ ಜೋರಾಗಿ ಅಲುಗಿದರೆ ಬ್ಯಾಗ್ ಬಿಟ್ಟು ಎತ್ತರಕ್ಕೆ.

ಒಂದು ಸೈಕಲ್ಲೋ ಸ್ಕೂಟರ್ರೋ ಬಾಡಿಗೆಗೆ ಹಿಡಿಯಿರಿ. ಊರುಗಳಿಗೆ ಹೆಸರಿದ್ದರೂ ಜನ ಹೇಳುವುದು ಜೆಟ್ಟಿಯಿಂದ ಎಷ್ಟನೇ ಕಿಲೋಮೀಟರ್ ಅಂತ. ಬಟ್ಲರ್ ಬೇ ಬೀಚು ಹದಿನಾಲ್ಕನೇ ಕಿಲೋಮೀಟರ್. ದಾರಿಯಲ್ಲಿ ಎಣ್ಣೆತಾಳೆಯ ಹಳೇ ತೋಟ ಸಿಗುತ್ತದೆ, ಕಾಡು ಕಡಿದು ಮಾಡಿದ್ದು. ಒಳಗೆ ನಿಂತರೆ ಹಕ್ಕಿ ಸದ್ದು ಎಷ್ಟು ಕಡಿಮೆ ಅಂತ ಕೇಳಿಸಿಕೊಳ್ಳಿ, ಆಮೇಲೆ ವೈಟ್ ಸರ್ಫ್ ಜಲಪಾತದ ದಾರಿಯ ಕಾಡಿನಲ್ಲಿ ನಿಂತು ಕೇಳಿ. ತೋಟದವರಿಗೆ ಬೇರೆ ವಿವರಣೆ ಬೇಡ. ಬಟ್ಲರ್ ಬೇಯಲ್ಲಿ ಅಲೆ ಜೋರು, ಸರ್ಫಿಂಗ್‌ನವರು ಹುಡುಕಿಕೊಂಡು ಬರುವ ದ್ವೀಪ ಇದು. ಮಾರ್ಚ್ ಹತ್ತಿರ ಬಂದ ಹಾಗೆ ಅಲೆ ಏರುತ್ತದೆ. ಸೆಳೆತ ಇದೆ, ಲೈಫ್‌ಗಾರ್ಡ್ ಇರುತ್ತಾರೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಸೊಂಟದ ಮೇಲೆ ನೀರು ಬೇಡ.

ಕಡಲಾಮೆ ಬಗ್ಗೆ ಒಂದು ಮಾತು. ಲೆದರ್‌ಬ್ಯಾಕ್ ಅನ್ನುವ ಆಮೆ, ಇರುವ ಆಮೆಗಳಲ್ಲೆಲ್ಲ ದೊಡ್ಡದು, ಬೆನ್ನು ಗಟ್ಟಿ ಚಿಪ್ಪಿನ ಬದಲು ಒದ್ದೆ ರಬ್ಬರಿನ ಹಾಗೆ. ಈ ದ್ವೀಪದ ಸೌತ್ ಬೇ, ವೆಸ್ಟ್ ಬೇಯಲ್ಲಿ ಮೊಟ್ಟೆ ಇಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ದಕ್ಷಿಣ್ ಫೌಂಡೇಶನ್‌ನವರು ಇಲ್ಲಿನ ಕೆಲವು ಆಮೆಗಳಿಗೆ ಸ್ಯಾಟಲೈಟ್ ಟ್ಯಾಗ್ ಹಾಕಿದ್ದರು. ಕೆಲವು ಆಸ್ಟ್ರೇಲಿಯಾ ಕಡೆ ಹೋದವು. ಒಂದು 13 ಸಾವಿರ ಕಿಲೋಮೀಟರ್‌ಗೂ ಜಾಸ್ತಿ ಈಜಿ ಆಫ್ರಿಕಾದ ಮೊಜಾಂಬಿಕ್ ಮುಟ್ಟಿತು. ಆ ಬೀಚುಗಳಿಗೆ ನೀವು ಹೋಗುವ ಹಾಗಿಲ್ಲ ಅಂತ ಬೇಜಾರಾಗಬಹುದು. ಅಲ್ಲಿ ಟಾರ್ಚಿನ ಬೆಳಕು ಕಂಡರೆ ಎಷ್ಟೋ ಸಲ ಆಮೆ ಮೊಟ್ಟೆ ಇಡದೇ ವಾಪಸ್ ಹೋಗುವುದನ್ನು ನಾನು ನೋಡಿದ್ದೇನೆ, ಹಾಗಾಗಿ ನನಗೇನೂ ಬೇಜಾರಿಲ್ಲ.

ಆಮೆ ನೋಡಲೇಬೇಕು ಅಂದರೆ ದಾರಿ ಬೇರೆ ಇದೆ. ಉತ್ತರ ಅಂಡಮಾನ್‌ನ ಡಿಗ್ಲಿಪುರ ಹತ್ತಿರ ಕಾಲಿಪುರ ಬೀಚು. ಅರಣ್ಯ ಇಲಾಖೆಯ ಆಮೆಮೊಟ್ಟೆ ಕೇಂದ್ರ ಇದೆ, ನಾಲ್ಕು ಜಾತಿಯ ಆಮೆ ಅಲ್ಲಿ ಬರುತ್ತವೆ, ಸಿಬ್ಬಂದಿ ಜೊತೆ ನಿಂತು ನೋಡಬಹುದು. ಪಕ್ಕದಲ್ಲೇ ಸ್ಯಾಡಲ್ ಪೀಕ್, 732 ಮೀಟರ್, ಅಂಡಮಾನ್ ದ್ವೀಪಗಳಲ್ಲಿ ಎತ್ತರದ ಬೆಟ್ಟ, ನಿಮ್ಮ ಕಾಲಿಗೂ ಕೆಲಸ ಸಿಗುತ್ತದೆ. ಮೊಸಳೆ ಅಲ್ಲೂ ಇದೆ, ಬೆಟ್ಟದ ದಾರಿಯಲ್ಲಿ ಅಳಿವೆಗಳೂ ಇವೆ, ಅದೇ ಎಚ್ಚರ. ಬಸ್ಸಿನಲ್ಲಿ ಹೋದರೆ ಜಾರವಾ ಆದಿವಾಸಿಗಳ ಮೀಸಲು ಕಾಡಿನ ನಡುವಿನ ರಸ್ತೆ ಹಿಡಿಯಬೇಕು, ಕಾವಲಿನ ಜೊತೆ ಸಾಲಾಗಿ ಬಿಡುತ್ತಾರೆ. ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ. ನನಗೆ ಆ ರಸ್ತೆ ಇಷ್ಟವಿಲ್ಲ, ಡಿಗ್ಲಿಪುರ ಹತ್ತಿರದ ಏರಿಯಲ್ ಬೇಗೆ ಹಡಗು ಸಿಕ್ಕಿದರೆ ಅದನ್ನೇ ಹಿಡಿಯುತ್ತೇನೆ.

ಅಪಾಯ ಇನ್ನೂ ಕಡಿಮೆ ಇರಲಿ, ಜನ ಮಾತ್ರ ಬೇಡ ಅಂದರೆ ಮಿಡಲ್ ಅಂಡಮಾನ್ ಪಕ್ಕದ ಲಾಂಗ್ ಐಲ್ಯಾಂಡ್ ನೋಡಿ. ಚಿಕ್ಕ ಊರು, ಕಾಡಿನ ನಡುವೆ ನಡೆದು ಲಾಲಾಜಿ ಬೇಗೆ ಹೋಗುವ ದಾರಿ. ಎರಡರಲ್ಲಿ ಒಂದು ಆರಿಸಿ ಅಂದರೆ, ಮೊದಲ ಸಲ ಹೋಗುವ ಗಂಡ ಹೆಂಡತಿಗೆ ನಾನು ಲಾಂಗ್ ಐಲ್ಯಾಂಡ್ ಹೇಳುತ್ತೇನೆ. ನಿಮ್ಮ ಪತ್ರ ಓದಿದರೆ ನೀವು ಕೇಳುವವರ ಹಾಗೆ ಕಾಣಲ್ಲ, ಆದ್ದರಿಂದ ಲಿಟಲ್ ಅಂಡಮಾನ್ ಬಗ್ಗೆಯೇ ಇಷ್ಟು ಬರೆದೆ.

ಕೈಯಲ್ಲಿ ನಗದು ಸಾಕಷ್ಟಿರಲಿ. 2020ರಲ್ಲಿ ಸಮುದ್ರದಡಿಯ ಕೇಬಲ್ ಬಂದ ಮೇಲೆ ನೆಟ್‌ವರ್ಕ್ ಎಷ್ಟೋ ಸುಧಾರಿಸಿದೆ, ಆದರೂ ಪೇಟೆ ಬಿಟ್ಟರೆ ಫೋನ್ ಪೇ ನಂಬಿಕೊಂಡು ಎಳನೀರು ಕುಡಿಯಬೇಡಿ. ಮತ್ತೆ, ಹಟ್ ಬೇಯಲ್ಲಿ ಇಳಿದ ದಿನ ಬೀಚಿಗೆ ಓಡುವ ಮುಂಚೆ ವಾಪಸ್ ಹಡಗಿನ ಟಿಕೆಟ್ ಯಾವಾಗ, ಎಲ್ಲಿ ಕೊಡುತ್ತಾರೆ ಅಂತ ಜೆಟ್ಟಿಯಲ್ಲೇ ವಿಚಾರಿಸಿಕೊಳ್ಳಿ. ಕೌಂಟರ್ ತೆರೆಯುವ ದಿನ ಒಂದು ಗಂಟೆ ಮುಂಚೆ ಹೋಗಿ ನಿಲ್ಲಿ, ಇಬ್ಬರ ಆಧಾರ್ ಜೆರಾಕ್ಸ್ ಜೊತೆಗಿರಲಿ.